ಹೂವು, ಹೂವು, ನಕ್ಷತ್ರ: ಜಾಣ್ಮೆಗೂ ಅದೃಷ್ಟಕ್ಕೂ ಒಂದೇ ಪೆಟ್ಟಿಗೆ

ಮೊದಲು ಒಬ್ಬ ಹುಡುಗನ ವಿಷಯ ಹೇಳಿಬಿಡುತ್ತೇನೆ. ಬಿಲ್ಲೆ ಹಾಕಿ ಆಡುವ ಯಂತ್ರ ಮಾಡುವುದು ನನ್ನ ಹುಚ್ಚು, ಅದರ ಬಗ್ಗೆ ನನಗಿದ್ದ ಜಂಬ ಇಳಿಸಿದವನು ಅವನು.

ಕೆಲವು ವರ್ಷಗಳ ಹಿಂದೆ ನಾನೊಂದು ಹಲಗೆ ಆಟ ಮಾಡಿದ್ದೆ. ಬಲಗಡೆ ಕೆಳಗೆ ಸ್ಪ್ರಿಂಗ್ ಹಾಕಿದ ಒಂದು ಕಡ್ಡಿ. ಅದನ್ನು ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಹಾರಿ, ಕಮಾನು ಸುತ್ತಿ, ಮೊಳೆಗಳ ನಡುವೆ ಟಕಟಕ ಬಡಿದುಕೊಂಡು ಇಳಿಯುತ್ತದೆ. ಕೆಳಗೆ 7 ಗೂಡು. ನಡುವಿನ ಗೂಡಿಗೆ ಬಿದ್ದರೆ 5 ಬಿಲ್ಲೆ, ಉಳಿದ 6 ಗೂಡಿಗೆ ಏನೂ ಇಲ್ಲ. ನಾನು ನಿಜವಾದ ನಾಣ್ಯ ಹಾಕಿಸುವುದಿಲ್ಲ, ಬಿಲ್ಲೆಗಳಲ್ಲೇ ಆಡಿಸುತ್ತೇನೆ. ಲೆಕ್ಕವೇನೋ ಎರಡಕ್ಕೂ ಒಂದೇ. 7 ಸಲಕ್ಕೆ 1 ಸಲ ನಡುಗೂಡಿಗೆ ಬೀಳುತ್ತದೆ, 7 ಬಿಲ್ಲೆ ಹಾಕಿದವನಿಗೆ 5 ವಾಪಸ್ ಹೋಗುತ್ತದೆ, ಯಂತ್ರಕ್ಕೆ 2 ಉಳಿಯುತ್ತದೆ ಅಂತ ನನ್ನ ಅಂದಾಜು.

ಸ್ನೇಹಿತರ ಮಗ, 10 ವರ್ಷದವನು, ಒಂದು ಮಧ್ಯಾಹ್ನ ಅದರ ಮುಂದೆ ಕೂತ. ಮೊದಲ ಅರ್ಧ ಗಂಟೆ ಸೋತ. ಆಮೇಲೆ ನನ್ನ ಮೇಜಿನಿಂದ ಪೆನ್ಸಿಲ್ ತೆಗೆದುಕೊಂಡು ಹೋದ. ನಾನು ಗಮನಿಸಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ಅವನ ಮುಂದೆ ಬಿಲ್ಲೆಗಳ ರಾಶಿ. ಮಾಡಿದ್ದು ಇಷ್ಟೇ: ಗುಂಡು ನಡುಗೂಡಿಗೆ ಬಿದ್ದಾಗ ಕಡ್ಡಿಯನ್ನು ಎಷ್ಟು ಎಳೆದಿದ್ದನೋ ಅಲ್ಲಿಗೆ ಪೆನ್ಸಿಲಿನಿಂದ ಒಂದು ಗೆರೆ ಹಾಕಿಕೊಂಡಿದ್ದ. ಆಮೇಲೆ ಪ್ರತಿ ಸಲ ಆ ಗೆರೆವರೆಗೆ ಎಳೆದು ಬಿಡುವುದು. 10 ಗುಂಡಿಗೆ 6 ನಡುವಿನ ಗೂಡಿಗೆ. 10 ಬಿಲ್ಲೆ ಹಾಕಿ 30 ತೆಗೆದುಕೊಳ್ಳುತ್ತಿದ್ದ.

ನನಗೆ ಅವಮಾನ ಆಯಿತು, ಖುಷಿಯೂ ಆಯಿತು. ಅವತ್ತು ರಾತ್ರಿ ಕೂತು ಇನ್ನೂ 3 ಸಾಲು ಮೊಳೆ ಹೊಡೆದೆ. ಮುಂದಿನ ವಾರ ಹುಡುಗ ಬಂದ, ಗೆರೆವರೆಗೆ ಎಳೆದು ಬಿಟ್ಟ, ಗುಂಡು ಎಲ್ಲೆಲ್ಲೋ ಹೋಯಿತು. ಐದಾರು ಸಲ ನೋಡಿ ಎದ್ದುಬಿಟ್ಟ. ‘ಅಂಕಲ್, ಇದು ಕೆಟ್ಟೋಗಿದೆ’ ಅಂದ.

ಅವನು ಹೇಳಿದ್ದು ಸರಿ. ನನ್ನ ಲೆಕ್ಕದ ಪ್ರಕಾರ ಯಂತ್ರ ಈಗ ಸರಿಯಾಗಿತ್ತು, ಅವನ ಪ್ರಕಾರ ಕೆಟ್ಟಿತ್ತು. ಇವತ್ತು ನಾನು ಹೇಳಲು ಬಂದಿರುವುದು ಈ ಎರಡರ ನಡುವಿನ ಜಾಗದ ಬಗ್ಗೆ. ಆಡುವವನ ಕೈ ಅಥವಾ ತಲೆಗೆ ನಿಜವಾಗಿಯೂ ಬೆಲೆ ಇರಬೇಕು. ಆದರೆ ಎಂಥ ಜಾಣ ಬಂದರೂ ಪೆಟ್ಟಿಗೆ ದಿವಾಳಿ ಆಗಬಾರದು. ಬರೀ ಅದೃಷ್ಟದ ಯಂತ್ರಕ್ಕೆ ಒಂದೇ ಸಂಖ್ಯೆ ಸಾಕು: ಹಾಕಿದ 100ಕ್ಕೆ ಎಷ್ಟು ವಾಪಸ್ ಕೊಡುತ್ತದೆ. ಜಾಣ್ಮೆ ಸೇರಿದ ಕೂಡಲೇ ಆ ಸಂಖ್ಯೆ ಒಡೆದು ಎರಡಾಗುತ್ತದೆ: ಅತಿ ಜಾಣನಿಗೆ ಎಷ್ಟು, ಏನೂ ತಿಳಿಯದವನಿಗೆ ಎಷ್ಟು. ವಿನ್ಯಾಸ ಅಂದರೆ ಈ ಎರಡರ ನಡುವಿನ ಅಂತರವನ್ನು ನಿರ್ಧರಿಸುವುದು. ಬಣ್ಣ, ದೀಪ, ಸದ್ದು ಎಲ್ಲ ಆಮೇಲೆ.

ಮೊಳೆಯ ವಿಷಯ ಬಂತಲ್ಲ, ಅದನ್ನು ಮುಗಿಸಿ ಮುಂದೆ ಹೋಗೋಣ. ಗುಂಡು ಒಂದು ಮೊಳೆಗೆ ತಗುಲುವಾಗ ಕೂದಲೆಳೆಯಷ್ಟು ಎಡಕ್ಕೋ ಬಲಕ್ಕೋ ಇದ್ದರೆ, ಪುಟಿದ ಮೇಲೆ ಆ ವ್ಯತ್ಯಾಸ ಹಲವು ಪಟ್ಟು ದೊಡ್ಡದಾಗಿರುತ್ತದೆ. ಎರಡನೇ ಮೊಳೆ ಅದನ್ನು ಇನ್ನೂ ಹಿಗ್ಗಿಸುತ್ತದೆ. ನಾಲ್ಕೈದು ಮೊಳೆ ದಾಟುವಷ್ಟರಲ್ಲಿ ಕೈ ಎಷ್ಟೇ ಪಳಗಿದ್ದರೂ ಪ್ರಯೋಜನವಿಲ್ಲ. ಅಂದರೆ ಮೊಳೆಯ ಸಾಲುಗಳು ಒಂದು ತಿರುಪು ಇದ್ದ ಹಾಗೆ: ಒಂದೊಂದು ಸಾಲು ಸೇರಿಸಿದಂತೆ ಕೈಯಿಂದ ಅದೃಷ್ಟದ ಕಡೆಗೆ ತಿರುಗುತ್ತದೆ. ಬ್ಯಾಗಟೆಲ್ ಅನ್ನುವ ಇಂಥ ಸ್ಪ್ರಿಂಗ್ ಕಡ್ಡಿಯ ಹಲಗೆಗೆ ಮಾಂಟೆಗ್ಯೂ ರೆಡ್‌ಗ್ರೇವ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1871ರಲ್ಲಿ. ಅಲ್ಲಿಂದ ಇಲ್ಲಿಯವರೆಗೂ ಈ ತಿರುಪಿನದೇ ಆಟ. ಇಂಥದೇ ಮೊಳೆಯ ಯಂತ್ರ ಆಡಿಸುವ ಜಪಾನಿನ ಪಚಿಂಕೊ ಅಂಗಡಿಗಳಲ್ಲಂತೂ ಸಣ್ಣ ಸುತ್ತಿಗೆ ಹಿಡಿದು ಮೊಳೆಗಳನ್ನು ಒಂದಿಷ್ಟೇ ಇಷ್ಟು ಬಗ್ಗಿಸುವುದೇ ಒಂದು ಕಸುಬಾಗಿತ್ತು. ಮಿಲಿಮೀಟರಿನ ಭಾಗದಷ್ಟು ಸಂದು ಅಗಲವಾದರೆ ಅಂಗಡಿಯ ದಿನದ ಲೆಕ್ಕವೇ ಬದಲಾಗುತ್ತದೆ.

ಮೊಳೆಯ ಹಲಗೆಯ ತೊಂದರೆ ಏನೆಂದರೆ, ಕೂತು ಲೆಕ್ಕ ಹಾಕಲು ಆಗುವುದಿಲ್ಲ. ಸಾವಿರಾರು ಸಲ ಆಡಿಸಿ ನೋಡಬೇಕು. ಸ್ಪ್ರಿಂಗ್ ಸಡಿಲವಾದರೆ, ಹಲಗೆ ಸೊಟ್ಟಗಾದರೆ ಮತ್ತೆ ಮೊದಲಿನಿಂದ. ಅದಕ್ಕೆ ನಾನು ಚಿತ್ರ ಬರೆದ ಚಕ್ರಗಳು ತಿರುಗಿ ನಿಲ್ಲುವ ಸ್ಲಾಟ್ ಯಂತ್ರಕ್ಕೆ ಬಂದೆ.

ಸ್ಯಾನ್ ಫ್ರಾನ್ಸಿಸ್ಕೋದ ಚಾರ್ಲ್ಸ್ ಫೇ 1890ರ ದಶಕದಲ್ಲಿ ಮಾಡಿದ ಲಿಬರ್ಟಿ ಬೆಲ್ ಯಂತ್ರದಲ್ಲಿ 3 ಚಕ್ರ, ಒಂದೊಂದರಲ್ಲಿ 10 ನಿಲ್ದಾಣ. 10 ಗುಣಿಸು 10 ಗುಣಿಸು 10, ಒಟ್ಟು 1000 ಜೋಡಣೆ. ಅದಕ್ಕಿಂತ ಸುಲಭದ ಸಂಖ್ಯೆ ಇನ್ನೊಂದು ಬೇಕಾ? ನಾನೂ ಅದನ್ನೇ ಹಿಡಿದೆ. ಚಿತ್ರಗಳು ಮಾತ್ರ ನನ್ನವು. ಪ್ರತಿ ಚಕ್ರದಲ್ಲೂ ನಕ್ಷತ್ರ 1, ಗಂಟೆ 2, ಹಣ್ಣು 3, ಹೂವು 4. ಕೂಡಿದರೆ 10. ಮೂರೂ ಚಕ್ರದಲ್ಲಿ ಒಂದೇ ಚಿತ್ರ ಬಂದರೆ ಗೆಲುವು, ಇಲ್ಲದಿದ್ದರೆ ಇಲ್ಲ.

ಬೋರ್ಡ್ ಕಡೆ ನೋಡಿ. 3 ನಕ್ಷತ್ರ ಬರುವುದು 1000ದಲ್ಲಿ 1 ಸಲ. 3 ಗಂಟೆ, 2 ಗುಣಿಸು 2 ಗುಣಿಸು 2, 8 ಸಲ. 3 ಹಣ್ಣು 27 ಸಲ. 3 ಹೂವು 64 ಸಲ. ಕೂಡಿ ನೋಡಿ, ಸರಿಯಾಗಿ 100. ಹತ್ತು ಆಟಕ್ಕೆ ಒಂದು ಗೆಲುವು. ಇಷ್ಟು ಚೆಂದವಾಗಿ ಕೂಡಿಬಂದದ್ದು ನೋಡಿ ಅವತ್ತು ನನಗೆ ನಿದ್ದೆ ಬರಲಿಲ್ಲ. ಬಹುಮಾನ ಹೀಗೆ ಇಟ್ಟೆ: ನಕ್ಷತ್ರಕ್ಕೆ 100, ಗಂಟೆಗೆ 20, ಹಣ್ಣಿಗೆ 6, ಹೂವಿಗೆ 3. 1000 ಬಿಲ್ಲೆ ಹಾಕಿದರೆ 100, 160, 162, 192, ಒಟ್ಟು 614 ವಾಪಸ್. ನೂರಕ್ಕೆ 61. ಸ್ವಲ್ಪ ಜಿಪುಣ ಯಂತ್ರ, ಆದರೆ ಲೆಕ್ಕ ಗಟ್ಟಿ.

ಈಗ ಜಾಣ್ಮೆ ಸೇರಿಸೋಣ ಅಂದುಕೊಂಡೆ. ಒಂದೊಂದು ಚಕ್ರದ ಕೆಳಗೂ ಒಂದು ಹೋಲ್ಡ್ ಬಟನ್. ಬಿಲ್ಲೆ ಹಾಕಿದರೆ ಮೂರೂ ಚಕ್ರ ತಿರುಗಿ ನಿಲ್ಲುತ್ತವೆ. ನಿಮಗೆ ಬೇಕಾದ ಚಕ್ರಗಳನ್ನು ಹಿಡಿದಿಟ್ಟುಕೊಂಡು ಉಳಿದವನ್ನು ಇನ್ನೊಂದೇ ಒಂದು ಸಲ ಬಿಟ್ಟಿಯಾಗಿ ತಿರುಗಿಸಬಹುದು. ಬ್ರಿಟನ್ನಿನಲ್ಲಿ ‘ಹಣ್ಣಿನ ಯಂತ್ರ’ ಅಂತ ಕರೆಯುವ ಚಕ್ರದ ಯಂತ್ರಗಳಲ್ಲಿ ಈ ಹೋಲ್ಡ್ ಬಟನ್ ಇದೆ. ವಿಡಿಯೊ ಪೋಕರಿನ ಜೀವಾಳವೂ ಇದೇ: 5 ಇಸ್ಪೀಟ್ ಎಲೆ ಬರುತ್ತವೆ, ಬೇಕಾದ್ದು ಇಟ್ಟುಕೊಂಡು ಉಳಿದದ್ದು ಬದಲಾಯಿಸುತ್ತೀರಿ.

ಒಂದು ಬಟನ್ ತಾನೇ, ನೂರಕ್ಕೆ ಹತ್ತೋ ಹದಿನೈದೋ ಜಾಸ್ತಿ ಹೋಗಬಹುದು ಅಂತ ನನ್ನ ಊಹೆ. ಲೆಕ್ಕ ಹಾಕಿದೆ. ಯಾರಾದರೂ ಹೇಳುತ್ತೀರಾ ಎಷ್ಟು ಬಂತು ಅಂತ?

222.5. ನೂರು ಹಾಕಿದರೆ ಇನ್ನೂರ ಇಪ್ಪತ್ತೆರಡೂವರೆ ವಾಪಸ್! ತಮಾಷೆ ಅದಲ್ಲ. ಏನೂ ತಿಳಿಯದ ಒಬ್ಬ, ಸೋತಾಗಲೆಲ್ಲ ಮೂರೂ ಚಕ್ರ ಸುಮ್ನೆ ಮತ್ತೆ ತಿರುಗಿಸುವವ, ಅವನಿಗೂ 117 ವಾಪಸ್. ಯಾರು ಆಡಿದರೂ ಯಂತ್ರ ಸೋಲುತ್ತದೆ. ಹುಡುಗನ ಪೆನ್ಸಿಲ್ ಗೆರೆಯನ್ನು ಈ ಸಲ ನಾನೇ ಹಾಕಿಕೊಟ್ಟ ಹಾಗಾಯಿತು.

ಯಾಕೆ ಹೀಗೆ ಅಂದರೆ, 1000 ಜೋಡಣೆಗಳಲ್ಲಿ 600 ಜೋಡಣೆಗಳು ಎರಡು ಒಂದೇ ಥರ, ಮೂರನೆಯದು ಬೇರೆ. ಮೊದಲಿನ ಯಂತ್ರದಲ್ಲಿ ಇವೆಲ್ಲ ಬರೀ ಸೋಲು. ಹೋಲ್ಡ್ ಬಂದ ಕೂಡಲೇ ಈ 600 ಅರ್ಧ ಗೆಲುವುಗಳಾಗುತ್ತವೆ. 2 ನಕ್ಷತ್ರ ಕೈಯಲ್ಲಿದ್ದರೆ ಮೂರನೆಯದು ಬರುವ ಸಾಧ್ಯತೆ 10ಕ್ಕೆ 1, ಬಹುಮಾನ 100. ಅಂದರೆ ಆ ಕ್ಷಣದಲ್ಲಿ ನಿಮ್ಮ ಕೈಯಲ್ಲಿ 10 ಬಿಲ್ಲೆಯ ಬೆಲೆ ಇದೆ, ಹಾಕಿದ್ದು 1. ಜಾಣ್ಮೆಗೆ ಜಾಗ ಕೊಡುವುದು ಅಂದರೆ ಸೋಲುಗಳಿಗೆ ಜೀವ ಕೊಡುವುದು. ಎಷ್ಟು ಸೋಲುಗಳು ಎದ್ದು ಕೂರುತ್ತವೆ ಅಂತ ಮೊದಲೇ ಎಣಿಸಿಕೊಳ್ಳದಿದ್ದರೆ ನನ್ನ ಗತಿಯೇ.

ಬಹುಮಾನ ಕಡಿಮೆ ಮಾಡಿದೆ. ನಕ್ಷತ್ರ 50, ಗಂಟೆ 8, ಹಣ್ಣು 2, ಹೂವು 1. ಹೂವು ಗೆದ್ದರೆ ಹಾಕಿದ ಬಿಲ್ಲೆ ವಾಪಸ್, ಅಷ್ಟೇ. ಮತ್ತೆ 1000 ಜೋಡಣೆಗೂ ಲೆಕ್ಕ ಹಾಕಿದೆ. ಈಗ ಮೂವರು ಆಟಗಾರರನ್ನು ಊಹಿಸಿಕೊಳ್ಳಿ. ಮೊದಲನೆಯವನಿಗೆ ಹೋಲ್ಡ್ ಬಟನ್ ಯಾಕಿದೆ ಅಂತಲೇ ಗೊತ್ತಿಲ್ಲ, ಸೋತರೆ ಮೂರನ್ನೂ ತಿರುಗಿಸುತ್ತಾನೆ. ಎರಡನೆಯವನು ಜೋಡಿ ಬಂದರೆ ಹಿಡಿಯುತ್ತಾನೆ, ಇಲ್ಲದಿದ್ದರೆ ಮೂರನ್ನೂ ತಿರುಗಿಸುತ್ತಾನೆ. ನಮ್ಮಲ್ಲಿ ಹೆಚ್ಚಿನವರು ಇವನೇ. ಮೂರನೆಯವನು ಪ್ರತಿ ಸಲವೂ ಲೆಕ್ಕಕ್ಕೆ ಸರಿಯಾದದ್ದನ್ನೇ ಮಾಡುತ್ತಾನೆ. ನೂರಕ್ಕೆ ಮೊದಲನೆಯವನಿಗೆ 44.1 ವಾಪಸ್. ಎರಡನೆಯವನಿಗೆ 81.9. ಮೂರನೆಯವನಿಗೆ 87.8.

ಹತ್ತು ಸೆಕೆಂಡಿಗೆ ಒಂದು ಆಟ ಅಂದರೆ ಗಂಟೆಗೆ 360 ಬಿಲ್ಲೆ. ಏನೂ ತಿಳಿಯದವನು ಸರಾಸರಿ 201 ಕಳೆದುಕೊಳ್ಳುತ್ತಾನೆ. ಜೋಡಿ ಹಿಡಿಯುವವನು 65. ಮಹಾಜಾಣ 44. ಮಹಾಜಾಣನೂ ಸೋಲುತ್ತಾನೆ, ನಿಧಾನವಾಗಿ ಸೋಲುತ್ತಾನೆ. ಈ ಥರದ ಯಂತ್ರವನ್ನು ‘ಜಾಣ್ಮೆಯ ಆಟ’ ಅಂತ ಮಾರುವವರು ಈ ಕೊನೆಯ ವಾಕ್ಯವನ್ನು ಯಾವತ್ತೂ ಹೇಳುವುದಿಲ್ಲ.

ಈಗ ನನಗೆ ತುಂಬ ಇಷ್ಟವಾದ ಜಾಗಕ್ಕೆ ಬರುತ್ತೇನೆ. ಚಕ್ರ ನಿಂತಿವೆ: ಹೂವು, ಹೂವು, ನಕ್ಷತ್ರ. ನೀವೇನು ಮಾಡುತ್ತೀರಿ? ಹೂವು ಹಿಡಿಯುವವರು ಕೈ ಎತ್ತಿ. ನೋಡಿ, ಹೆಚ್ಚುಕಡಿಮೆ ಎಲ್ಲರೂ. ಎರಡು ಹೂವು ಹಿಡಿದರೆ ಮೂರನೆಯ ಹೂವು ಬರುವುದು 10ಕ್ಕೆ 4 ಸಲ, ಬಹುಮಾನ 1. ಇಂಥ ಜಾಗ 100 ಸಲ ಬಂದರೆ 40 ಬಿಲ್ಲೆ. ಎರಡೂ ಹೂವನ್ನು ಬಿಟ್ಟು ಒಂಟಿ ನಕ್ಷತ್ರ ಹಿಡಿದರೆ? ಉಳಿದ ಎರಡೂ ನಕ್ಷತ್ರವೇ ಆಗಬೇಕು, 100ಕ್ಕೆ 1 ಸಲ. ಆದರೆ ಬಹುಮಾನ 50. 100 ಸಲಕ್ಕೆ 50 ಬಿಲ್ಲೆ. ಅಂದರೆ ಸರಿಯಾದ ದಾರಿ ಹೂವು ಬಿಡುವುದು.

ಸರಿಯಾದದ್ದನ್ನು ಮಾಡಿದವನು 100ರಲ್ಲಿ 99 ಸಲ ಬರಿಗೈ. ತಪ್ಪು ಮಾಡಿದವನಿಗೆ 40 ಸಲ ಗೆಲುವು. ಹಿಂದೆ ನಿಂತು ನೋಡುವವರು ಯಾರನ್ನು ದಡ್ಡ ಅನ್ನುತ್ತಾರೆ ಹೇಳಿ. ಕಲಿಯುವುದಕ್ಕೆ ಆಟ ತಾನಾಗಿ ಸಹಾಯ ಮಾಡುವುದಿಲ್ಲ, ಆಡುತ್ತಾ ಹೋದರೆ ತಪ್ಪನ್ನೇ ಗಟ್ಟಿಮಾಡಿಕೊಳ್ಳುತ್ತೀರಿ. ಕಾಗದ ಪೆನ್ಸಿಲ್ ಹಿಡಿದು ಕೂತವನಿಗೆ ಮಾತ್ರ ಇದು ಕಾಣುತ್ತದೆ. ನಾನು 1000 ಸಾಲಿನ ಪಟ್ಟಿ ಮಾಡುವವರೆಗೂ ನನಗೇ ಕಂಡಿರಲಿಲ್ಲ. ಈ ಬಲೆ ಬೇಕೆಂದು ಇಟ್ಟದ್ದಲ್ಲ, ಬಹುಮಾನ ಕಡಿಮೆ ಮಾಡಿದಾಗ ತಾನಾಗಿ ಹುಟ್ಟಿದ್ದು. ಮೊದಲಿನ ಬಹುಮಾನಗಳಲ್ಲಿ ಹೂವಿನ ಜೋಡಿಗೆ 1.2 ಬೆಲೆ, ಒಂಟಿ ನಕ್ಷತ್ರಕ್ಕೆ 1. ಆಗ ಹೂವು ಹಿಡಿಯುವುದೇ ಸರಿ ಇತ್ತು.

ಆದರೆ ಅದನ್ನು ದೊಡ್ಡದು ಮಾಡಿ ಹೇಳಬಾರದು. ಈ ಜಾಗ ಬರುವುದು 1000ಕ್ಕೆ 48 ಸಲ, ಅದರಿಂದ ಸಿಗುವ ಲಾಭ ನೂರು ಬಿಲ್ಲೆಗೆ ಅರ್ಧ ಬಿಲ್ಲೆಯೂ ಇಲ್ಲ. ಎರಡನೆಯವನಿಗೂ ಮೂರನೆಯವನಿಗೂ ಇರುವ 6ರ ಅಂತರದಲ್ಲಿ ದೊಡ್ಡ ಪಾಲು ಬರುವುದು ಇನ್ನೊಂದು ಕಡೆಯಿಂದ: ಮೂರೂ ಬೇರೆಬೇರೆ ಬಂದಾಗ ಎಲ್ಲವನ್ನೂ ತಿರುಗಿಸದೆ ಒಂಟಿ ನಕ್ಷತ್ರವನ್ನೋ, ಅದಿಲ್ಲದಿದ್ದರೆ ಒಂಟಿ ಗಂಟೆಯನ್ನೋ ಹಿಡಿಯುವುದು. ಇದನ್ನು ಹೇಳಿಕೊಟ್ಟರೆ ಎರಡು ನಿಮಿಷದಲ್ಲಿ ಯಾರು ಬೇಕಾದರೂ ಕಲಿಯುತ್ತಾರೆ.

ಕಲಿಯುತ್ತಾರೆ ಅನ್ನುವುದೇ ಯಂತ್ರ ಇಟ್ಟವನಿಗೆ ತಲೆನೋವು. ಬರುವವರಲ್ಲಿ 100ಕ್ಕೆ 30 ಜನ ಏನೂ ತಿಳಿಯದವರು, 60 ಜನ ಜೋಡಿ ಹಿಡಿಯುವವರು, 10 ಜನ ಜಾಣರು ಅಂತ ಇಟ್ಟುಕೊಳ್ಳಿ. ಯಂತ್ರ ಒಟ್ಟಾರೆ ವಾಪಸ್ ಕೊಡುವುದು 71. ಆರು ತಿಂಗಳಲ್ಲಿ ಒಬ್ಬರನ್ನೊಬ್ಬರು ನೋಡಿ ಕಲಿತರೆ 71 ಹೋಗಿ 80 ದಾಟುತ್ತದೆ. ಯಂತ್ರದಲ್ಲಿ ಒಂದು ಸ್ಕ್ರೂ ಕೂಡ ಬದಲಾಗಿಲ್ಲ, ಆದರೆ ಆದಾಯ ಇಳಿದಿದೆ. ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ವಿಡಿಯೊ ಪೋಕರಿನಲ್ಲಿ ‘ಡ್ಯೂಸಸ್ ವೈಲ್ಡ್’ ಅನ್ನುವ ಆಟದ ಪೂರ್ತಿ ಬಹುಮಾನದ ಪಟ್ಟಿ, ಒಂದೂ ತಪ್ಪು ಮಾಡದೆ ಆಡುವವನಿಗೆ 100.76 ವಾಪಸ್ ಕೊಡುತ್ತದೆ. ಅಂದರೆ ಕ್ಯಾಸಿನೊಗೇ ನಷ್ಟ. ಆದರೂ ಇಟ್ಟಿದ್ದರು. ತಪ್ಪು ಮಾಡದೆ ಆಡುವವರು ಕಡಿಮೆ ಅನ್ನುವ ಧೈರ್ಯ. ಇನ್ನೊಬ್ಬರ ತಪ್ಪಿನ ಮೇಲೆ ಮನೆ ಕಟ್ಟುವ ಆ ಧೈರ್ಯ ನನಗಿಲ್ಲ. ನನ್ನ ಯಂತ್ರದಲ್ಲಿ ಮೇಲಿನ ಸಂಖ್ಯೆ, ಅಂದರೆ ಅತಿ ಜಾಣನಿಗೆ ಸಿಗುವ ವಾಪಸ್, 100ರ ಒಳಗೇ ಇರಬೇಕು, ಆಗ ನಾನು ಆಟದ ಗುಟ್ಟನ್ನು ಎಲ್ಲರಿಗೂ ಧಾರಾಳವಾಗಿ ಹೇಳಬಹುದು. ಈಗ ಹೇಳುತ್ತಿದ್ದೇನಲ್ಲ, ಹಾಗೆ.

ಇಷ್ಟು ಹೊತ್ತು ತಲೆಯ ಜಾಣ್ಮೆ ಆಯಿತು. ಕೈಯ ಜಾಣ್ಮೆ ಬೇರೆಯೇ ಕತೆ. ತಿರುಗುವ ಚಕ್ರವನ್ನು ಬಟನ್ ಒತ್ತಿ ನಿಲ್ಲಿಸುವುದು ಎಲ್ಲರಿಗೂ ಹೊಳೆಯುವ ಮೊದಲ ಉಪಾಯ. ನನ್ನ 10 ಚಿತ್ರದ ಚಕ್ರ ಸೆಕೆಂಡಿಗೆ ಒಂದು ಸುತ್ತು ಬಂದರೆ, ಒಂದು ಚಿತ್ರ ಕಣ್ಣೆದುರು ಇರುವುದು 100 ಮಿಲಿಸೆಕೆಂಡ್. ಕಣ್ಣಿಗೆ ಕಂಡ ಮೇಲೆ ಬೆರಳು ಒತ್ತುವುದಕ್ಕೆ ಸುಮಾರು 200 ಮಿಲಿಸೆಕೆಂಡ್ ಬೇಕು. ಹಾಗಾದರೆ ಆಗುವುದಿಲ್ಲ ಅಂದುಕೊಳ್ಳುತ್ತೀರಿ ಅಲ್ವಾ? ಆಗುತ್ತದೆ. ಚಕ್ರ ಒಂದೇ ವೇಗದಲ್ಲಿ ತಿರುಗುತ್ತಿದ್ದರೆ ಕಂಡ ಮೇಲೆ ಒತ್ತಬೇಕಾಗಿಲ್ಲ, ತಾಳ ಹಿಡಿದು ಮೊದಲೇ ಒತ್ತಬಹುದು. ತಬಲಾ ನುಡಿಸುವವರನ್ನು ಕೂರಿಸಿ ನೋಡಿ, 100 ಮಿಲಿಸೆಕೆಂಡ್ ಅವರಿಗೆ ಮೈದಾನದಷ್ಟು ಅಗಲ. ಅಂಥವರ ಮುಂದೆ ಯಂತ್ರ ಒಂದು ದಿನ ಬಾಳುವುದಿಲ್ಲ.

ಇದಕ್ಕೆ ಜಪಾನಿನವರು ಕಂಡುಕೊಂಡ ಉತ್ತರ ನೋಡಿ, ನನಗೆ ಅದು ಮೆಚ್ಚಿಗೆಯೂ ಹೌದು, ಸಿಟ್ಟೂ ಹೌದು. ಪಚಿಸ್ಲಾಟ್ ಅನ್ನುವ ಯಂತ್ರದಲ್ಲಿ ಸಾಮಾನ್ಯವಾಗಿ ಚಕ್ರಕ್ಕೆ 21 ಚಿತ್ರ. ವೇಗ ನಿಮಿಷಕ್ಕೆ 80 ಸುತ್ತು ಮೀರುವಂತಿಲ್ಲ. ಒಂದು ಸುತ್ತಿಗೆ ಮುಕ್ಕಾಲು ಸೆಕೆಂಡ್, ಒಂದು ಚಿತ್ರಕ್ಕೆ ಸುಮಾರು 36 ಮಿಲಿಸೆಕೆಂಡ್. ಮೂರು ಚಕ್ರಕ್ಕೆ ಮೂರು ಬಟನ್, ನಿಲ್ಲಿಸುವವರು ನೀವೇ. ಪಳಗಿದ ಕಣ್ಣಿನವರು ಬೇಕಾದ ಚಿತ್ರವನ್ನು ಗುರಿಯಿಟ್ಟು ಒತ್ತುತ್ತಾರೆ, ಅದಕ್ಕೆ ಅಲ್ಲಿ ‘ಮೆಓಶಿ’ ಅಂತ ಹೆಸರೇ ಇದೆ. ಆದರೆ ಚಕ್ರ ತಿರುಗಿಸುವ ಹಿಡಿಕೆಯನ್ನು ನೀವು ತಟ್ಟಿದ ಕ್ಷಣದಲ್ಲೇ ಒಳಗೆ ಚೀಟಿ ಎತ್ತಿ ಆಗಿರುತ್ತದೆ. ನೀವು ಬಟನ್ ಒತ್ತಿದ ಮೇಲೂ ಚಕ್ರ 4 ಚಿತ್ರದವರೆಗೆ ಜಾರಬಹುದು. ಚೀಟಿ ನಿಮ್ಮ ಕಡೆ ಬಿದ್ದಿದ್ದರೆ ಆ ಜಾರುವಿಕೆ ಸಹಾಯ ಮಾಡುತ್ತದೆ, ಚಿತ್ರವನ್ನು ಎಳೆದು ತಂದು ಕೂರಿಸುತ್ತದೆ. ಬಿದ್ದಿಲ್ಲದಿದ್ದರೆ ಅದೇ ಜಾರುವಿಕೆ ಚಿತ್ರವನ್ನು ಗೆರೆ ದಾಟಿಸಿಬಿಡುತ್ತದೆ. ಅಂದರೆ ಕೊಡಬೇಕೋ ಬೇಡವೋ ಅಂತ ಅದೃಷ್ಟ ಹೇಳುತ್ತದೆ, ಕೊಟ್ಟದ್ದನ್ನು ತೆಗೆದುಕೊಳ್ಳುವುದಕ್ಕೆ ಮಾತ್ರ ಕೈಚಳಕ. ಒರಟು ಕೈಯವನು ಬಂದದ್ದನ್ನೂ ಬಿಟ್ಟುಕೊಳ್ಳುತ್ತಾನೆ.

ವಿನ್ಯಾಸದ ದೃಷ್ಟಿಯಿಂದ ಇದು ಬಲು ಅಚ್ಚುಕಟ್ಟು. ಮೇಲಿನ ಸಂಖ್ಯೆ ಚೀಟಿಯಲ್ಲೇ ಭದ್ರ, ಯಾವ ತಬಲಾ ವಾದಕ ಬಂದರೂ ಅದನ್ನು ಮೀರಲಾರ. ಸಿಟ್ಟು ಯಾಕೆಂದರೆ, ಚೀಟಿ ಬೀಳದಿದ್ದಾಗ ಚಿತ್ರ ಒಂದೇ ಮನೆ ಮುಂದೆ ಹೋಗಿ ನಿಂತರೆ ಆಡುವವನು ಏನನ್ನುತ್ತಾನೆ? ‘ಛೇ, ಒಂದು ಚೂರು ತಡ ಮಾಡಿಬಿಟ್ಟೆ!’ ತಡವಾದದ್ದು ಅವನಲ್ಲ. ಅವನು ಸರಿಯಾಗಿಯೇ ಒತ್ತಿದ್ದ.

ಇಲ್ಲಿ ಮನಸ್ಸಿನ ವಿಷಯ ಸ್ವಲ್ಪ ಹೇಳಬೇಕು. ಎಲೆನ್ ಲ್ಯಾಂಗರ್ ಅನ್ನುವ ಮನಶ್ಶಾಸ್ತ್ರಜ್ಞೆ 1975ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಚೇರಿಯ ಜನರಿಗೆ 1 ಡಾಲರಿನ ಲಾಟರಿ ಚೀಟಿ. ಅರ್ಧ ಜನರಿಗೆ ತಾವೇ ಆರಿಸಿಕೊಳ್ಳಲು ಬಿಟ್ಟರು, ಉಳಿದವರಿಗೆ ಕೈಗೆ ಕೊಟ್ಟರು. ಆಮೇಲೆ ಚೀಟಿಯನ್ನು ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರು. ಕೈಗೆ ಕೊಟ್ಟದ್ದನ್ನು ತೆಗೆದುಕೊಂಡವರು ಸರಾಸರಿ 1.96 ಡಾಲರ್ ಅಂದರು. ತಾವೇ ಆರಿಸಿಕೊಂಡವರು 8.67. ಚೀಟಿ ಅದೇ, ಸಾಧ್ಯತೆ ಅದೇ. ಬೆರಳು ತಗುಲಿದ್ದಷ್ಟೇ ವ್ಯತ್ಯಾಸ. ಯಂತ್ರಕ್ಕೆ ಒಂದು ಬಟನ್ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ. ತಂತಿಯನ್ನೇ ಜೋಡಿಸದ ಬಟನ್ ಇಟ್ಟರೂ ಜನ ಒತ್ತುತ್ತಾರೆ, ಒತ್ತಿದ್ದಕ್ಕೆ ಗೆದ್ದೆ ಅನ್ನುತ್ತಾರೆ.

ಬ್ರಿಟನ್ನಿನ ಹಣ್ಣಿನ ಯಂತ್ರಗಳ ಮೇಲೆ ಒಂದು ಸೂಚನೆ ಅಂಟಿಸಿರುತ್ತಿತ್ತು. ಅದರ ಸಾರ ಇದು: ಈ ಯಂತ್ರ ಕೆಲವೊಮ್ಮೆ ನಿಮಗೆ ಆಯ್ಕೆ ಕೊಡಬಹುದು, ಆದರೆ ಆ ಆಯ್ಕೆಯಲ್ಲಿ ಗೆಲ್ಲುವ ಅವಕಾಶವೇ ಇಲ್ಲದಿರಬಹುದು. ಮುಂದಿನ ಸಂಖ್ಯೆ ದೊಡ್ಡದೋ ಚಿಕ್ಕದೋ ಅಂತ ಕೇಳುತ್ತದೆ, ನೀವು ಯೋಚಿಸಿ ಒತ್ತುತ್ತೀರಿ, ಒಳಗೆ ಸೋಲು ಮೊದಲೇ ಬರೆದಿಟ್ಟಿರುತ್ತದೆ. ಸೂಚನೆ ಅಂಟಿಸಿದ್ದು ಪ್ರಾಮಾಣಿಕತೆಯೋ, ಕೈ ತೊಳೆದುಕೊಳ್ಳುವ ದಾರಿಯೋ, ನೀವೇ ಹೇಳಿ. ಅದೇ ಯಂತ್ರಗಳಲ್ಲಿ ಇನ್ನೊಂದು ಬಗೆ ಇದೆ: ಹಿಂದಿನ ಆಟಗಳಲ್ಲಿ ಎಷ್ಟು ಕೊಟ್ಟಿದೆ ಅಂತ ನೆನಪಿಟ್ಟುಕೊಂಡು, ಕಡಿಮೆ ಕೊಟ್ಟಿದ್ದರೆ ಈಗ ಸಡಿಲ ಬಿಡುತ್ತದೆ, ಜಾಸ್ತಿ ಕೊಟ್ಟಿದ್ದರೆ ಬಿಗಿ ಹಿಡಿಯುತ್ತದೆ. ಹಾಗಿದ್ದಾಗ ಹುಟ್ಟುವ ಜಾಣ್ಮೆ ಯಾವುದು ಗೊತ್ತಾ? ಮೂಲೆಯಲ್ಲಿ ಕೂತು, ಇನ್ನೊಬ್ಬ ಎಷ್ಟು ಕಳೆದುಕೊಂಡ ಅಂತ ಎಣಿಸಿ, ಅವನು ಎದ್ದ ಕೂಡಲೇ ಹೋಗಿ ಕೂರುವುದು. ಅಂಥ ಜಾಣ್ಮೆಗೆ ಬಹುಮಾನ ಕೊಡುವ ಯಂತ್ರ ಮಾಡಲು ನನಗೆ ಮನಸ್ಸಿಲ್ಲ.

ಜಾಣ್ಮೆಯೋ ಅದೃಷ್ಟವೋ ಅಂತ ನ್ಯಾಯಾಲಯಗಳೂ ಊರಾಳುವವರೂ ತಲೆ ಕೆಡಿಸಿಕೊಂಡಿದ್ದು ಕಡಿಮೆ ಏನಲ್ಲ. ನ್ಯೂಯಾರ್ಕಿನಲ್ಲಿ 1942ರಲ್ಲಿ ಪಿನ್‌ಬಾಲ್ ನಿಷೇಧವಾಯಿತು, ಮೇಯರ್ ಲಾ ಗಾರ್ಡಿಯಾ ತಾವೇ ಸುತ್ತಿಗೆ ಹಿಡಿದು ಯಂತ್ರ ಒಡೆದರು. ಆಗಿನ ಪಿನ್‌ಬಾಲ್ ನನ್ನ ಮೊಳೆಯ ಹಲಗೆಯ ಅಣ್ಣ, ಗುಂಡು ಬಿಟ್ಟ ಮೇಲೆ ಕೈಗೆ ಕೆಲಸವಿಲ್ಲ. ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುವ ಫ್ಲಿಪರ್ ಬಂದದ್ದು 1947ರಲ್ಲಿ, ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ ಯಂತ್ರದಲ್ಲಿ. ಆಟದ ಸ್ವಭಾವವೇ ಬದಲಾಯಿತು, ನಿಷೇಧ ಮಾತ್ರ ಹಾಗೇ ಉಳಿಯಿತು. 1976ರಲ್ಲಿ ರೋಜರ್ ಶಾರ್ಪ್ ಅನ್ನುವ ಪಳಗಿದ ಪಿನ್‌ಬಾಲ್ ಆಟಗಾರ ನಗರಸಭೆಯವರ ಮುಂದೆ ಯಂತ್ರ ಇಟ್ಟು ಆಡಿ ತೋರಿಸಿದರು. ಗುಂಡು ನಡುವಿನ ದಾರಿಯಲ್ಲಿ ಹೋಗುತ್ತದೆ ನೋಡಿ ಅಂತ ಮೊದಲೇ ಹೇಳಿ, ಕಡ್ಡಿ ಎಳೆದು ಬಿಟ್ಟರು. ಹೋಯಿತು. ಇದು ಜಾಣ್ಮೆಯ ಆಟ ಅಂತ ಒಪ್ಪಿ ನಿಷೇಧ ತೆಗೆದರು. ಆ ಏಟು ಬಿದ್ದದ್ದು ಅದೃಷ್ಟದಿಂದಲೇ ಅಂತ ಶಾರ್ಪ್ ಆಮೇಲೆ ತಾವೇ ಹೇಳಿಕೊಂಡಿದ್ದಾರೆ.

ನನಗೆ ಈ ಪ್ರಸಂಗದಲ್ಲಿ ನಗು ತರಿಸುವುದು ಅಳತೆ. ಒಂದೇ ಒಂದು ಏಟು ನೋಡಿ ತೀರ್ಮಾನ! ಜಾಣ್ಮೆ ಇದೆಯಾ ಅಂತ ತಿಳಿಯಬೇಕಾದರೆ ಮಾಡಬೇಕಾದ್ದು ಬಹಳ ಬೇಜಾರಿನ ಕೆಲಸ. ಪಳಗಿದವನನ್ನೂ ಹೊಸಬನನ್ನೂ ಕೂರಿಸಿ, ಇಬ್ಬರಿಗೂ ಸಾವಿರಾರು ಸಲ ಆಡಿಸಿ, ಇಬ್ಬರ ವಾಪಸ್ ಎಷ್ಟು ಅಂತ ನೋಡುವುದು. ನನ್ನ ಚಕ್ರದಂಥ ಯಂತ್ರವಾದರೆ ಅಷ್ಟೂ ಬೇಡ, ಪಟ್ಟಿ ಸಾಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಯಾವುದು ಜಾಸ್ತಿ, ಜಾಣ್ಮೆಯೋ ಅದೃಷ್ಟವೋ, ಅಂತ ತೂಗುವ ಪದ್ಧತಿ ಇದೆ. ನನ್ನ ಯಂತ್ರವನ್ನು ಆ ತಕ್ಕಡಿಗೆ ಹಾಕಿದರೆ? 44ರಿಂದ 88, ಜಾಣ್ಮೆ ವಾಪಸ್ಸನ್ನು ಎರಡರಷ್ಟು ಮಾಡುತ್ತದೆ ಅಂತ ಒಬ್ಬ ವಕೀಲ ವಾದಿಸಬಹುದು. ಒಂದು ಆಟ ತೆಗೆದುಕೊಂಡು ನೋಡಿ, ಗೆಲ್ಲಿಸುವುದು ಚಕ್ರವೇ ಹೊರತು ಬಟನ್ ಅಲ್ಲ ಅಂತ ಇನ್ನೊಬ್ಬ ವಾದಿಸಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಪೆಟ್ಟಿಗೆಯ ಹೊಟ್ಟೆಯೊಳಗಿನ ವಿಷಯ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಬಿಲ್ಲೆ ಬೀಳುವ ಸೀಳಿನಲ್ಲಿ ಅಗಲ, ದಪ್ಪ, ತೂಕ ನೋಡಬೇಕು. ಒಂದು ಅಯಸ್ಕಾಂತ ಇಟ್ಟರೆ ಕಬ್ಬಿಣದ ತುಂಡು ಅಂಟಿಕೊಳ್ಳುತ್ತದೆ, ತಾಮ್ರದ ಬಿಲ್ಲೆ ನಿಧಾನವಾಗಿ ಜಾರುತ್ತದೆ. ಆ ನಿಧಾನದಿಂದಲೇ ಅದು ಎಲ್ಲಿ ಹೋಗಿ ಬೀಳುತ್ತದೆ ಅನ್ನುವುದು ಬದಲಾಗುತ್ತದೆ, ಖೋಟಾ ಬೇರೆಯಾಗುತ್ತದೆ. ದಾರ ಕಟ್ಟಿ ಬಿಲ್ಲೆ ಇಳಿಬಿಡುವವರಿಗೆ ಒಂದು ಕತ್ತರಿಯಂಥ ಬಾಗಿಲು. ಯಂತ್ರ ಅಲುಗಾಡಿಸುವವರಿಗೆ ಬಳೆಯೊಳಗೆ ತೂಗುವ ಒಂದು ಗುಂಡು, ಬಳೆಗೆ ತಗುಲಿದರೆ ಆಟ ಬಂದ್. ಕೊಡುವ ಬಿಲ್ಲೆಯ ಡಬ್ಬಿ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೂ ಮತ್ತೆ ಜಾಣ್ಮೆಗೇ ಬರಬೇಕು. ಜೋಡಿ ಹಿಡಿಯುವವನು 250 ಆಟಕ್ಕೆ ಒಮ್ಮೆ 50 ಗೆಲ್ಲುತ್ತಾನೆ, ಜಾಣ 174ಕ್ಕೆ ಒಮ್ಮೆ. ಎರಡು ಸಲ ಬೆನ್ನಿಗೆ ಬೆನ್ನಿಗೆ ಬಂದರೆ 100 ಬಿಲ್ಲೆ. ನಾನು ಮೊದಲು ಇಟ್ಟ ಡಬ್ಬಿಗೆ ಹಿಡಿಯುತ್ತಿದ್ದದ್ದು 80. ಒಂದು ದಿನ ಗೆದ್ದವರೊಬ್ಬರು 30 ಬಿಲ್ಲೆ ಎಣಿಸಿಕೊಂಡು ನನ್ನ ಮುಖ ನೋಡುತ್ತಾ ನಿಂತಿದ್ದರು.

ಕೊನೆಯದಾಗಿ ದೀಪಗಳ ವಿಷಯ. 44 ಅನ್ನುವ ಕೆಳಗಿನ ಸಂಖ್ಯೆ ನನಗೆ ಸರಿ ಕಾಣಲಿಲ್ಲ. ಬಟನ್ ಯಾಕಿದೆ ಅಂತ ಗೊತ್ತಿಲ್ಲದ್ದಕ್ಕೆ ಗಂಟೆಗೆ 201 ಬಿಲ್ಲೆ ದಂಡ ಕಟ್ಟುವುದು ನ್ಯಾಯವಲ್ಲ. ಅದಕ್ಕೆ ಜೋಡಿ ಬಂದಾಗ ಆ ಎರಡು ಬಟನ್ ತಾವಾಗಿ ಬೆಳಗುವಂತೆ ಮಾಡಿದೆ. ಹಾಗೇ ಬಿಟ್ಟರೆ ಅವೇ ಹೋಲ್ಡ್ ಆಗುತ್ತವೆ, ಬೇಡ ಅಂದರೆ ಒತ್ತಿ ತೆಗೆಯಬಹುದು. ಈಗ ಯಾರು ಬಂದರೂ 81.9ಕ್ಕಿಂತ ಕೆಳಗೆ ಬೀಳುವುದಿಲ್ಲ, ತಾವಾಗಿ ಹಾಳು ಮಾಡಿಕೊಂಡರೆ ಬೇರೆ ಮಾತು. ಮೇಲಿನ 6 ಮಾತ್ರ ತಲೆ ಓಡಿಸಿದವರಿಗೆ. ಅಂತರ 44ರಿಂದ 6ಕ್ಕೆ ಇಳಿಯಿತು. ಇದರಿಂದ ಆಟ ಸಪ್ಪೆಯಾಯಿತು ಅಂತ ಕೆಲವು ಗೆಳೆಯರು ಜಗಳವಾಡಿದ್ದಾರೆ.

ಆದರೆ ಹೂವು, ಹೂವು, ನಕ್ಷತ್ರ ಬಂದಾಗ ದೀಪ ಏನು ಮಾಡಬೇಕು? ಹೂವಿಗೆ ಬೆಳಗಿದರೆ ಯಂತ್ರವೇ ತಪ್ಪು ಸಲಹೆ ಕೊಟ್ಟ ಹಾಗೆ. ನಕ್ಷತ್ರಕ್ಕೆ ಬೆಳಗಿದರೆ 100ಕ್ಕೆ 99 ಸಲ ಸೋತವರು ಯಂತ್ರವನ್ನು ಬೈಯುತ್ತಾರೆ, ಜೊತೆಗೆ ಗುಟ್ಟೂ ಹೋಯಿತು. ತಿಂಗಳುಗಟ್ಟಲೆ ಇದಕ್ಕೆ ತಲೆ ಕೆರೆದುಕೊಂಡೆ. ಈಗ ಆ ಒಂದು ಜಾಗದಲ್ಲಿ ಯಾವ ದೀಪವೂ ಹತ್ತುವುದಿಲ್ಲ. ಏನೂ ಒತ್ತದಿದ್ದರೆ ಮೂರೂ ಚಕ್ರ ತಿರುಗುವುದೂ ಇಲ್ಲ, ನೀವು ಏನಾದರೂ ಒತ್ತುವವರೆಗೆ ಯಂತ್ರ ಕಾಯುತ್ತದೆ. ಜೋಡಿ ಬಂದಾಗಲೆಲ್ಲ ಬೆಳಗುವ ದೀಪ ಇಲ್ಲಿ ಯಾಕೆ ಸುಮ್ಮನಿದೆ ಅಂತ ಯಾರಿಗಾದರೂ ಅನುಮಾನ ಬಂದರೆ, ಅವರಿಗೆ ಕಾಗದ ಪೆನ್ಸಿಲ್ ಸಿಗಲಿ ಅಂತ ಪೆಟ್ಟಿಗೆಯ ಪಕ್ಕಕ್ಕೇ ಕಟ್ಟಿದ್ದೇನೆ.

ಆ ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ. ಹೋದ ತಿಂಗಳು ಬಂದಿದ್ದ. ದೀಪ ಹತ್ತದ್ದನ್ನು ಗಮನಿಸಿದ್ದು ಆರನೆಯ ಸಲಕ್ಕೆ. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಏನೇನೋ ಗೀಚಿ, ಹೂವು ಬಿಟ್ಟು ನಕ್ಷತ್ರ ಹಿಡಿದ. ಸೋತ. ಮತ್ತೆ ಹಿಡಿದ, ಮತ್ತೆ ಸೋತ. ಈ ಸಲ ಯಂತ್ರ ಕೆಟ್ಟಿದೆ ಅನ್ನಲಿಲ್ಲ, ಊಟಕ್ಕೆ ಕರೆದರೂ ಏಳಲಿಲ್ಲ.

ಯಂತ್ರ ಅಲ್ಲಿ ಕಿಟಕಿಯ ಪಕ್ಕದಲ್ಲಿದೆ. ಬಿಲ್ಲೆಯ ಡಬ್ಬಿ ಮೇಲಿಟ್ಟಿದ್ದೇನೆ, ಒಬ್ಬೊಬ್ಬರು ಇಪ್ಪತ್ತು ತೆಗೆದುಕೊಳ್ಳಿ. ಎಡಗಡೆಯ ಬಟನ್ ಸ್ವಲ್ಪ ಸಿಕ್ಕಿಕೊಳ್ಳುತ್ತದೆ, ಜೋರಾಗಿ ಒತ್ತಿ.